ನಮ್ಮ ಜಿಲ್ಲೆ 'ಆಕಾಂಕ್ಷಿ'ಯಂತೆ; ಟಿಕೆಟ್ ಕೊಡುವವರು ಯಾರು?

ಸಂಜೆ ಐದರ ಹೊತ್ತಿಗೆ ಪ್ರೆಸ್ ನೋಟ್ ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತದೆ. ಯಾವುದೋ ಪ್ರಗತಿ ಪರಿಶೀಲನಾ ಸಭೆ. ಆರು ಗಂಟೆಯೊಳಗೆ ಅದನ್ನು ಕನ್ನಡ ಮಾಡಿ ಡೆಸ್ಕಿಗೆ ಕಳಿಸಬೇಕು. ಮೊದಲ ವಾಕ್ಯದಲ್ಲೇ 'ಆಸ್ಪಿರೇಷನಲ್ ಡಿಸ್ಟ್ರಿಕ್ಟ್' ಎಂಬ ಮಾತು ಕೂತಿರುತ್ತದೆ. ನಮ್ಮಲ್ಲಿ ಒಬ್ಬರು ಅದನ್ನು 'ಮಹತ್ವಾಕಾಂಕ್ಷಿ ಜಿಲ್ಲೆ' ಎಂದು ಬರೆಯುತ್ತಾರೆ. ಇನ್ನೊಬ್ಬರು 'ಆಶೋತ್ತರ ಜಿಲ್ಲೆ' ಎನ್ನುತ್ತಾರೆ. ಮತ್ತೊಬ್ಬರಿಗೆ 'ಆಕಾಂಕ್ಷಿ ಜಿಲ್ಲೆ'ಯೇ ಸಾಕು. ಮೂರನ್ನೂ ಓದಿದವರಿಗೆ ಏನು ಅರ್ಥವಾಯಿತು ಎಂದು ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಒಮ್ಮೆ ಕೇಳಿಯೇಬಿಟ್ಟೆವು. ಯಾದಗಿರಿ ಕಡೆಯ ಒಂದು ಊರಿನ ಚಹಾದಂಗಡಿಯಲ್ಲಿ ಪೇಪರ್ ಹಿಡಿದು ಕೂತಿದ್ದ ಹಿರಿಯರೊಬ್ಬರಿಗೆ ಆ ಸುದ್ದಿ ತೋರಿಸಿದೆವು. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ ಹೇಳಿದರು: "ಆಕಾಂಕ್ಷಿ ಅಂದ್ರ ಎಲೆಕ್ಷನ್ ಟಿಕೆಟ್ ಕೇಳಾವ್ರಲ್ಲೇನ್ ತಮ್ಮಾ? ನಮ್ಮ ಜಿಲ್ಲಾಕ್ಕ ಯಾವ ಪಾರ್ಟಿ ಟಿಕೆಟ್ ಕೊಡ್ತದ?"

ನಾವು ನಕ್ಕೆವು. ಆಮೇಲೆ ನಗು ನಿಂತಿತು. ಕನ್ನಡ ಪತ್ರಿಕೆ ಓದುವ ಯಾರಿಗೇ ಆಗಲಿ 'ಆಕಾಂಕ್ಷಿ' ಎಂದರೆ ನೆನಪಾಗುವುದು ಟಿಕೆಟ್ ಆಕಾಂಕ್ಷಿ, ಹುದ್ದೆ ಆಕಾಂಕ್ಷಿ, ಸಚಿವ ಸ್ಥಾನದ ಆಕಾಂಕ್ಷಿ. ಯಾರದೋ ಬಾಗಿಲಲ್ಲಿ ನಿಂತು ಕಾಯುವವನು. ಸಿಕ್ಕರೂ ಸಿಕ್ಕೀತು, ಸಿಗದೆಯೂ ಹೋದೀತು. ಆ ಹಿರಿಯರು ತಪ್ಪಾಗಿ ಓದಿರಲಿಲ್ಲ. ನಮ್ಮ ಜಿಲ್ಲೆಯನ್ನು ನಿಲ್ಲಿಸಿರುವ ಜಾಗವನ್ನು ಸರಿಯಾಗಿಯೇ ಗುರುತಿಸಿದ್ದರು.

ಈ ಬರಹ ಅಂಥ ವಿಶೇಷಣಗಳ ಬಗ್ಗೆ. ಪ್ರಾಮಿಸಿಂಗ್, ಎಮರ್ಜಿಂಗ್, ಡೆವಲಪಿಂಗ್, ಆಸ್ಪಿರೇಷನಲ್, ಸಕ್ಸಸ್‌ಫುಲ್. ಗೆಲುವನ್ನೂ ನಾಳೆಯನ್ನೂ ವರ್ಣಿಸಲು ಇಂಗ್ಲಿಷ್ ಸಾಕಿಕೊಂಡಿರುವ ಈ ಪದಗಳು ನಮ್ಮ ವರದಿಗಳಿಗೆ ದಿನವೂ ಬರುತ್ತವೆ, ಅರ್ಧ ಅನುವಾದವಾಗಿ ಅಚ್ಚಾಗುತ್ತವೆ. ನಮ್ಮ ವಾದ ಇಷ್ಟೇ: ಈ ಪದಗಳು ಇಲ್ಲದ್ದನ್ನು ಇರುವ ಗುಣದಂತೆ ತೋರಿಸುತ್ತವೆ. ಕೊಡಬೇಕಾದವರ ಬಾಕಿಯನ್ನು ಪಡೆಯಬೇಕಾದವರ ಬಯಕೆಯಾಗಿ ಬದಲಿಸುತ್ತವೆ. ಗ್ರಾಮೀಣ ವರದಿಗಾರಿಕೆ ಮಾಡುವವರು ಇವನ್ನು ಪರೀಕ್ಷಿಸದೆ ಬಳಸಬಾರದು.

ಪದ ಬದಲಾಯಿತು, ಬಾಕಿ ಏನಾಯಿತು?

ಮೊದಲು ನಮಗೆ ಇದ್ದ ಪದ 'ಹಿಂದುಳಿದ'. ಯಾರಿಗೂ ಇಷ್ಟವಾಗದ ಪದ. ಆದರೆ ಅದರ ಹಿಂದೆ ಲೆಕ್ಕವಿತ್ತು.

ಪ್ರಾದೇಶಿಕ ಅಸಮತೋಲನದ ಬಗ್ಗೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದಲ್ಲಿ 175 ತಾಲ್ಲೂಕುಗಳಿದ್ದವು. ಸಮಿತಿ 35 ಸೂಚಕಗಳನ್ನು ಸೇರಿಸಿ ಒಂದು ಸೂಚ್ಯಂಕ ಮಾಡಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿರುವ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲೂ 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಗೆ 31,000 ಕೋಟಿ ರೂಪಾಯಿ ಬೇಕೆಂದೂ ಹೇಳಿತು. ಆ ವರದಿಯ ಜಾರಿಯ ಬಗ್ಗೆ ನೂರು ತಕರಾರು ಇರಬಹುದು. ಆದರೆ ವಿಶೇಷಣದ ಪಕ್ಕದಲ್ಲೇ ಸಂಖ್ಯೆ ಇತ್ತು, ಸಂಖ್ಯೆಯ ಪಕ್ಕದಲ್ಲೇ ರೂಪಾಯಿ ಇತ್ತು. ಶಾಸಕರನ್ನು ನಿಲ್ಲಿಸಿ ಕೇಳಲು ಅಷ್ಟು ಸಾಕಾಗಿತ್ತು.

ಕೇಂದ್ರದ ಮಟ್ಟದಲ್ಲೂ ಹಾಗೆಯೇ. 2006–07ರಲ್ಲಿ ಹಿಂದುಳಿದ ಪ್ರದೇಶಗಳ ಅನುದಾನ ನಿಧಿ ಎಂಬ ಯೋಜನೆ ಬಂತು. ದೇಶದ 250 ಜಿಲ್ಲೆಗಳಿಗೆ ಅನುದಾನ. ರಾಯಚೂರು ಆ ಪಟ್ಟಿಯಲ್ಲಿತ್ತು. ಆಗಿನ್ನೂ ಯಾದಗಿರಿಯನ್ನು ತನ್ನೊಳಗೆ ಇಟ್ಟುಕೊಂಡಿದ್ದ ಗುಲಬರ್ಗಾವೂ ಇತ್ತು. ಹಣ ಖರ್ಚಿನ ಯೋಜನೆ ಪಂಚಾಯಿತಿಗಳ ಮೂಲಕ, ಗ್ರಾಮಸಭೆಯ ಮೂಲಕ ಬರಬೇಕೆಂಬುದು ನಿಯಮ. 2015–16ರ ಬಜೆಟ್‌ನಲ್ಲಿ ಕೇಂದ್ರವು ಆ ಯೋಜನೆಗೆ ನೆರವು ನಿಲ್ಲಿಸಿತು. ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶೇ 32ರಿಂದ ಶೇ 42ಕ್ಕೆ ಏರಿಸಲಾಗಿದೆ, ಇನ್ನು ರಾಜ್ಯಗಳೇ ನೋಡಿಕೊಳ್ಳಲಿ ಎಂಬುದು ಕೊಟ್ಟ ಕಾರಣ.

2018ರ ಜನವರಿಯಲ್ಲಿ ಹೊಸ ಪದ ಬಂತು. ನೀತಿ ಆಯೋಗದ ಆಸ್ಪಿರೇಷನಲ್ ಡಿಸ್ಟ್ರಿಕ್ಟ್ಸ್ ಕಾರ್ಯಕ್ರಮ. ದೇಶದ 112 ಜಿಲ್ಲೆಗಳು. ಕರ್ನಾಟಕದಿಂದ ಎರಡು, ರಾಯಚೂರು ಮತ್ತು ಯಾದಗಿರಿ. ಆರೋಗ್ಯ ಮತ್ತು ಪೌಷ್ಟಿಕತೆ, ಶಿಕ್ಷಣ, ಕೃಷಿ ಮತ್ತು ಜಲಸಂಪನ್ಮೂಲ, ಹಣಕಾಸು ಸೇರ್ಪಡೆ ಮತ್ತು ಕೌಶಲ, ಮೂಲಸೌಕರ್ಯ ಎಂಬ ಐದು ವಿಭಾಗಗಳಲ್ಲಿ 49 ಸೂಚಕಗಳು. ಪ್ರತಿ ತಿಂಗಳೂ 'ಡೆಲ್ಟಾ' ರ‍್ಯಾಂಕಿಂಗ್, ಅಂದರೆ ಕಳೆದ ತಿಂಗಳಿಗಿಂತ ಎಷ್ಟು ಮೇಲೇರಿದಿರಿ ಎಂಬ ಪಟ್ಟಿ. ಅನುದಾನ ನಿಧಿಯಂತೆ ಇದಕ್ಕೆ ಪ್ರತ್ಯೇಕ ದುಡ್ಡಿಲ್ಲ. ಇರುವ ಯೋಜನೆಗಳನ್ನೇ ಒಟ್ಟುಗೂಡಿಸುವುದು, ಇಲಾಖೆಗಳು ಕೈಜೋಡಿಸುವುದು, ಜಿಲ್ಲೆಗಳು ಪರಸ್ಪರ ಸ್ಪರ್ಧಿಸುವುದು, ಇವೇ ಅದರ ಮೂರು ಕಂಬಗಳು. ಪಟ್ಟಿಯಲ್ಲಿ ಮೇಲೆ ಬಂದವರಿಗೆ ಬಹುಮಾನದ ಹಣವುಂಟು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 'ಹಿಂದುಳಿದ' ಎಂಬ ಪದ ಇದ್ದಾಗ ಅನುದಾನ ಇತ್ತು, ಗ್ರಾಮಸಭೆ ಇತ್ತು. 'ಆಸ್ಪಿರೇಷನಲ್' ಎಂಬ ಪದ ಬಂದಾಗ ರ‍್ಯಾಂಕ್ ಇದೆ, ಡ್ಯಾಶ್‌ಬೋರ್ಡ್ ಇದೆ. ಪದ ಬದಲಾದದ್ದರಿಂದಲೇ ಹಣ ಹೋಯಿತು ಎಂದು ನಾವು ಹೇಳುತ್ತಿಲ್ಲ. ಹಣ ಹೋದದ್ದು ಗೊತ್ತಾಗದಂತೆ ಹೊಸ ಪದ ನೋಡಿಕೊಂಡಿತು ಎನ್ನುತ್ತಿದ್ದೇವೆ. ಹಿಂದುಳಿದವನಿಗೆ ಕೇಳುವ ಹಕ್ಕಿತ್ತು. ಆಕಾಂಕ್ಷಿಗೆ ಓಡುವ ಕರ್ತವ್ಯ ಮಾತ್ರ ಇದೆ.

ಬಿಳಿ ಬಟ್ಟೆಯವರ ಪದ

'ಆಸ್ಪೈರ್' ಎಂಬುದರ ಲ್ಯಾಟಿನ್ ಮೂಲಕ್ಕೆ ಉಸಿರು ಊದು ಎಂಬ ಅರ್ಥ. ನಾವು ಅದನ್ನು 'ಮಹತ್ವಾಕಾಂಕ್ಷೆ' ಮಾಡಿದಾಗ ನಿಜವಾಗಿ ಅನುವಾದಿಸಿದ್ದು ಇನ್ನೊಂದು ಪದವನ್ನು, 'ಆ್ಯಂಬಿಷನ್' ಅನ್ನು. ಅದರ ಲ್ಯಾಟಿನ್ ಮೂಲದ ಅರ್ಥ ಸುತ್ತಾಡುವುದು. ಹಳೆಯ ರೋಮಿನಲ್ಲಿ ಹುದ್ದೆಗೆ ನಿಂತವರು ಮತ ಕೇಳಿಕೊಂಡು ಸುತ್ತುತ್ತಿದ್ದರು, ಆ ಸುತ್ತಾಟವೇ ಆ್ಯಂಬಿಷನ್. ಹಾಗೆ ಸುತ್ತುವವರು ಸೀಮೆಸುಣ್ಣ ಬಳಿದ ಬಿಳಿ ಬಟ್ಟೆ ತೊಡುತ್ತಿದ್ದರು. 'ಕ್ಯಾಂಡಿಡೇಟ್' ಎಂಬ ಪದ ಹುಟ್ಟಿದ್ದು ಆ ಬಿಳಿಯಿಂದ. ಎರಡು ಸಾವಿರ ವರ್ಷಗಳ ನಂತರ ಯಾದಗಿರಿಯ ಚಹಾದಂಗಡಿಯಲ್ಲಿ ಕೂತ ಹಿರಿಯರು, ಲ್ಯಾಟಿನ್ ಗೊತ್ತಿಲ್ಲದೆ, ಪದದ ಬುಡಕ್ಕೇ ಕೈಹಾಕಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಟಿಕೆಟ್ ಆಕಾಂಕ್ಷಿಯನ್ನು ಅವರು ಬಲ್ಲರು.

ಬೇರೆ ಪದಗಳ ಕತೆಯೂ ಇದೇ ದಾರಿಯದು. 1949ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ಅಧಿಕಾರ ಸ್ವೀಕಾರದ ಭಾಷಣದಲ್ಲಿ 'ಅಂಡರ್‌ಡೆವಲಪ್ಡ್' ಪ್ರದೇಶಗಳ ಮಾತಾಡಿದರು. ಆ ಪದ ಕಹಿ ಎನ್ನಿಸಿತು, ಮುಂದೆ 'ಡೆವಲಪಿಂಗ್' ಆಯಿತು. 1981ರಲ್ಲಿ ವಿಶ್ವಬ್ಯಾಂಕ್ ಬಳಗದ ಅಂತರರಾಷ್ಟ್ರೀಯ ಹಣಕಾಸು ನಿಗಮದಲ್ಲಿದ್ದ ಆಂಟೊಯಿನ್ ವಾನ್ ಆಗ್ಟ್‌ಮಾಲ್ ಅವರು ಬಡ ದೇಶಗಳ ಷೇರುಗಳಿಗಾಗಿ 'ಥರ್ಡ್ ವರ್ಲ್ಡ್' ಹೆಸರಿನ ಫಂಡ್ ಒಂದನ್ನು ಹೂಡಿಕೆದಾರರ ಮುಂದಿಟ್ಟರು. ಆ ಹೆಸರಿಟ್ಟರೆ ಯಾರೂ ದುಡ್ಡು ಹಾಕುವುದಿಲ್ಲ ಎಂಬ ಮಾತು ಬಂತು. ಆಗ ಅವರು ಕಟ್ಟಿದ ಪದ 'ಎಮರ್ಜಿಂಗ್ ಮಾರ್ಕೆಟ್ಸ್'. ದೇಶಗಳು ಅವೇ, ಜನ ಅವರೇ, ಹಸಿವೂ ಅದೇ. ಬದಲಾದದ್ದು ಕೊಳ್ಳುವವನ ಕಣ್ಣಿಗೆ ಕಾಣುವ ಬಣ್ಣ.

ಈ ಕತೆ ನಮಗೆ ಯಾಕೆ ಮುಖ್ಯವೆಂದರೆ, ಇಂಥ ವಿಶೇಷಣಗಳಲ್ಲಿ ಯಾವಾಗಲೂ ಒಂದು ಕಣ್ಣು ಅಡಗಿರುತ್ತದೆ. 'ಪ್ರಾಮಿಸಿಂಗ್' ಎನ್ನುವುದು ಆರಿಸುವವನ ಮಾತು. 'ಎಮರ್ಜಿಂಗ್' ಎನ್ನುವುದು ಹೂಡುವವನ ಮಾತು. ಸಂತೆಯಲ್ಲಿ ಹೋರಿಯ ಹಲ್ಲು ಎಣಿಸುವವನು ಅದಕ್ಕೆ 'ಚಲೋ ಆಗ್ತದ' ಎಂದರೆ, ಆ ಮಾತು ಹೋರಿಯ ಒಳ್ಳೆಯದಕ್ಕಲ್ಲ. ವರದಿಗಾರರಾದ ನಾವು ಆ ಪದವನ್ನು ಹಾಗೇ ಬರೆದರೆ ಕೊಳ್ಳುವವನ ಪಕ್ಕದಲ್ಲಿ ನಿಂತಂತೆ. ನಾವು ನಿಲ್ಲಬೇಕಾದದ್ದು ಹಗ್ಗದ ಇನ್ನೊಂದು ತುದಿಯಲ್ಲಿ.

ವಿಶ್ವಬ್ಯಾಂಕ್ ತನ್ನ ಅಭಿವೃದ್ಧಿ ಸೂಚಕಗಳ ಪ್ರಕಟಣೆಯಲ್ಲಿ 'ಡೆವಲಪಿಂಗ್', 'ಡೆವಲಪ್ಡ್' ಎಂಬ ವಿಂಗಡಣೆಯನ್ನು 2016ರಲ್ಲೇ ಕೈಬಿಟ್ಟಿತು. ನಮ್ಮ ಪ್ರೆಸ್ ನೋಟುಗಳು ಇನ್ನೂ ಬಿಟ್ಟಿಲ್ಲ.

ಕನ್ನಡದ ಕ್ರಿಯಾಪದ ಸುಳ್ಳು ಹೇಳಲು ಕಷ್ಟ

ಕನ್ನಡದಲ್ಲಿ ಒಂದು ಆಸ್ಪತ್ರೆಯನ್ನು ವರ್ಣಿಸಿ ನೋಡಿ. ಕಟ್ಟಿದ ಆಸ್ಪತ್ರೆ. ಕಟ್ಟುತ್ತಿರುವ ಆಸ್ಪತ್ರೆ. ಕಟ್ಟುವ ಆಸ್ಪತ್ರೆ. ಕಟ್ಟದ ಆಸ್ಪತ್ರೆ. ನಾಲ್ಕೂ ಬೇರೆ ಬೇರೆ. ಕ್ರಿಯಾಪದದಿಂದ ಬಂದ ನಮ್ಮ ವಿಶೇಷಣ ಕಾಲವನ್ನು ಹೇಳದೆ ಬಾಯಿ ಬಿಡುವುದಿಲ್ಲ, ಆಗದಿದ್ದರೆ 'ಕಟ್ಟದ' ಎಂದು ನೇರವಾಗಿ ಹೇಳುತ್ತದೆ. ಕೇಳಿದವರು ಮುಂದಿನ ಪ್ರಶ್ನೆ ಕೇಳಬಹುದು: ಯಾವಾಗ ಕಟ್ಟುತ್ತೀರಿ? ಯಾರು ಕಟ್ಟಲಿಲ್ಲ?

ಈಗ 'ಅಭಿವೃದ್ಧಿಶೀಲ' ಎನ್ನಿ. 'ಶೀಲ' ಎಂದರೆ ಸ್ವಭಾವ. ಅಭಿವೃದ್ಧಿ ಹೊಂದುತ್ತಲೇ ಇರುವುದು ಇವರ ಸ್ವಭಾವ. ಮುಗಿಯುವ ಮಾತೇ ಇಲ್ಲ. 'ಉದಯೋನ್ಮುಖ' ಎನ್ನಿ. ಉದಯದ ಕಡೆಗೆ ಮುಖ ಮಾಡಿದವನು. ಮುಖ ಮಾಡಿ ಎಷ್ಟು ವರ್ಷವಾಯಿತು, ಸೂರ್ಯ ಹುಟ್ಟಿದನೇ ಎಂದು ಆ ಪದ ಹೇಳುವುದಿಲ್ಲ. 'ಭರವಸೆಯ ಯುವ ನಾಯಕ' ಎನ್ನಿ. ಭರವಸೆ ಕೊಟ್ಟವನೋ, ಹುಟ್ಟಿಸಿದವನೋ, ಮುರಿದವನೋ? ಇಂಗ್ಲಿಷಿನ 'ಪ್ರಾಮಿಸಿಂಗ್' ಯಾರು ಯಾರಿಗೆ ಮಾತು ಕೊಟ್ಟರು ಎಂಬುದನ್ನು ಹೇಗೆ ನುಂಗುತ್ತದೋ ನಮ್ಮ 'ಭರವಸೆಯ' ಎಂಬುದೂ ಹಾಗೆಯೇ ನುಂಗುತ್ತದೆ. ಇಂಗ್ಲಿಷನ್ನಷ್ಟೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ಇಂಗ್ಲಿಷಿನ ಮುಸುಕಿಗೆ ನಾವು ಸಂಸ್ಕೃತದ ಮುಸುಕು ಹೊಲಿದುಕೊಟ್ಟಿದ್ದೇವೆ.

'ಹಿಂದುಳಿದ' ಎಂಬ ಪದಕ್ಕೂ ಇದೇ ಪರೀಕ್ಷೆ ಇಡಬೇಕು. ಹಿಂದೆ ಉಳಿದದ್ದು ಯಾರ ತಪ್ಪು? ಚಳವಳಿಯವರು ಬಹಳ ಹಿಂದೆಯೇ ಇದಕ್ಕೆ ತಿದ್ದುಪಡಿ ಕೊಟ್ಟಿದ್ದಾರೆ: ನಾವು ಹಿಂದೆ ಉಳಿದವರಲ್ಲ, ಹಿಂದೆ ಉಳಿಸಲ್ಪಟ್ಟವರು. ಕನ್ನಡದ ವ್ಯಾಕರಣದಲ್ಲಿ ಒಂದು 'ಇಸು' ಸೇರಿಸಿದರೆ ಸಾಕು, ಕಾಣದ ಕರ್ತೃ ಕಾಣಿಸಿಕೊಳ್ಳುತ್ತಾನೆ. ಪದ ಬದಲಿಸಲೇಬೇಕಿದ್ದರೆ ಆ ದಿಕ್ಕಿಗೆ ಬದಲಿಸಬೇಕಿತ್ತು.

ನಿಜವಾದ ಆಕಾಂಕ್ಷೆಗೆ ಸೂಚಕವಿಲ್ಲ

ರಾಯಚೂರಿನವರಿಗೆ ಆಕಾಂಕ್ಷೆ ಇಲ್ಲವೇ? ಇದೆ, ಅದಕ್ಕೆ ಹೆಸರೂ ಇದೆ. ಏಮ್ಸ್ ಬೇಕು. 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿ ನಡೆಯಿತು. ಟೆಂಟ್ ಕೆಳಗೆ ಬಿಸಿಲು, ಮಳೆ, ಮತ್ತೆ ಬಿಸಿಲು. ರಾಯಚೂರಿನ ಬೇಸಿಗೆ ಕಂಡವರಿಗೆ ಅದರ ಅರ್ಥ ಗೊತ್ತು. ಐಐಟಿ ಕೇಳಿದ್ದ ಊರು ಇದು. ಅದು 2016ರಲ್ಲಿ ಧಾರವಾಡದಲ್ಲಿ ಶುರುವಾಯಿತು. ಆ ನೆನಪೂ ಆ ಟೆಂಟ್ ಒಳಗಿದೆ.

ಒಂದು ಜಿಲ್ಲೆಯ ಜನ ತಮಗೆ ಏನು ಬೇಕೆಂದು ಇಷ್ಟು ಸ್ಪಷ್ಟವಾಗಿ, ಇಷ್ಟು ದಿನ, ಬೀದಿಯಲ್ಲಿ ಕೂತು ಹೇಳಿದ್ದಾರೆ. 49 ಸೂಚಕಗಳಲ್ಲಿ ಅದಕ್ಕೊಂದು ಖಾನೆ ಇಲ್ಲ. 'ಆಸ್ಪಿರೇಷನಲ್' ಎಂದು ಕರೆಯುವವರು ಆಸ್ಪಿರೇಷನ್ ಏನೆಂದು ಕೇಳುವ ಕಾಲಂ ಇಟ್ಟಿಲ್ಲ. ಬಯಕೆ ಯಾವುದಿರಬೇಕೆಂದು ಮೇಲಿನಿಂದ ಬರೆದುಕೊಟ್ಟು, ಬಯಸುವ ಕೆಲಸವನ್ನು ಮಾತ್ರ ಜಿಲ್ಲೆಗೆ ವಹಿಸಲಾಗಿದೆ.

ಇನ್ನೊಂದು ಮಾತು. ರಾಯಚೂರಿನ ಎರಡು ಬದಿಗೆ ಕೃಷ್ಣಾ, ತುಂಗಭದ್ರಾ ನದಿಗಳಿವೆ. ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ರಾಜ್ಯಕ್ಕೆಲ್ಲ ಕರೆಂಟ್ ಕೊಟ್ಟಿದೆ. ನೀರು, ಚಿನ್ನ, ಬೆಳಕು ಕೊಟ್ಟ ನೆಲವನ್ನು 'ಪೊಟೆನ್ಷಿಯಲ್ ಇದೆ' ಎಂದು ಬೆನ್ನು ತಟ್ಟುವುದು ಅವಮಾನದ ಇನ್ನೊಂದು ರೂಪ. ಅಲ್ಲಿ ಸಾಮರ್ಥ್ಯಕ್ಕೆ ಎಂದೂ ಕೊರತೆ ಇರಲಿಲ್ಲ. ಇನ್ನು ಕೊರತೆಯ ಲೆಕ್ಕ: 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರಿನದು ಶೇ 59.56, ಯಾದಗಿರಿಯದು ಶೇ 51.83, ರಾಜ್ಯದಲ್ಲೇ ಕಡಿಮೆ. ಆ ಅಂಕಿಯನ್ನು ಓದಿದವರಿಗೆ ಸಿಟ್ಟು ಬರುತ್ತದೆ. 'ಆಶೋತ್ತರ ಜಿಲ್ಲೆ' ಎಂದು ಓದಿದವರಿಗೆ ಏನೂ ಬರುವುದಿಲ್ಲ. ಆ ಪದದ ಕೆಲಸವೇ ಅದು.

'ಯಶಸ್ವಿ' ರೈತನಿಗೆ ಆಮೇಲೆ ಏನಾಯಿತು?

ನಾಳೆಯ ಪದಗಳ ಜೊತೆ ಗೆಲುವಿನ ಪದವನ್ನೂ ನೋಡೋಣ. ಈ ವಿಷಯದಲ್ಲಿ ನಾವೇ ತಪ್ಪಿತಸ್ಥರು.

ಕೃಷಿ ಪುಟದ 'ಸಕ್ಸಸ್ ಸ್ಟೋರಿ' ನಮ್ಮೆಲ್ಲರಿಗೂ ಬಾಯಿಪಾಠ. ಎರಡು ಎಕರೆ, ಒಂದು ಹಣ್ಣು, ಲಕ್ಷ ಲಕ್ಷ ಆದಾಯ, ತೋಟದ ನಡುವೆ ನಗುವ ರೈತನ ಫೋಟೊ. ನಾವೂ ಬರೆದಿದ್ದೇವೆ. ಬಂದ ಹಣ ಬರೆದೆವು, ಸಾಲ ಬರೆಯಲಿಲ್ಲ. ಬೋರ್‌ವೆಲ್ ಎಷ್ಟು ಸಲ ಫೇಲ್ ಆಯಿತೆಂದು ಬರೆಯಲಿಲ್ಲ. ಹೆಂಡತಿ ಮಕ್ಕಳ ದುಡಿಮೆಗೆ ಕೂಲಿ ಹಿಡಿಯಲಿಲ್ಲ. ಮುಂದಿನ ವರ್ಷ ಅದೇ ತೋಟಕ್ಕೆ ಹೋಗಲಿಲ್ಲ. ಆದರೆ ಆ ಸುದ್ದಿ ಓದಿ ಅದೇ ಬೆಳೆ ಹಾಕಿದವರು ಇದ್ದರು.

ಒಣಮೆಣಸಿನಕಾಯಿಯದನ್ನೇ ತೆಗೆದುಕೊಳ್ಳಿ. ರೇಟು ಏರಿದ ವರ್ಷ 'ಕೆಂಪು ಬಂಗಾರ' ಎಂದು ಬರೆದರು, ಬರೆದೆವು. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಕುಸಿದು ರೈತರ ಸಿಟ್ಟು ಸ್ಫೋಟಿಸಿತು, ವಾಹನಗಳಿಗೆ ಬೆಂಕಿ ಬಿತ್ತು. ಆಗ ಸುದ್ದಿಯಾದದ್ದು ಬೆಂಕಿ. ಬಂಗಾರ ಎಂದು ಬರೆದಿದ್ದವರು ಯಾರೂ ತಮ್ಮ ಹಳೆಯ ಹೆಡ್ಡಿಂಗ್‌ಗೆ ಉತ್ತರ ಕೊಡಲಿಲ್ಲ.

'ಸಕ್ಸಸ್' ಎಂಬುದರ ಮೂಲ ಅರ್ಥ ಗೆಲುವಲ್ಲ. ಹಿಂದೆ ಬರುವುದು, ಮುಂದಿನದಾಗಿ ಬರುವುದು ಎಂದು ಲ್ಯಾಟಿನ್ ಅರ್ಥ. ಹಳೆಯ ಇಂಗ್ಲಿಷಿನಲ್ಲೂ ಒಳ್ಳೆಯ ಸಕ್ಸಸ್, ಕೆಟ್ಟ ಸಕ್ಸಸ್ ಎರಡೂ ಇದ್ದವು. ಕೆಲಸ ಮಾಡಿದ ಮೇಲೆ ಏನು ಬಂತು ಎಂಬುದಷ್ಟೇ ಅದರ ಅರ್ಥ. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಆಮೇಲೆ ಏನಾಯಿತು?' ವರದಿಗಾರನ ಕೆಲಸ ಪೂರ್ತಿ ಆ ಒಂದು ಪ್ರಶ್ನೆಯಲ್ಲಿದೆ. ಅದೇ ಪದವನ್ನು ಹಿಡಿದು ಆ ಪ್ರಶ್ನೆ ಕೇಳುವುದನ್ನೇ ನಾವು ಬಿಟ್ಟಿದ್ದೇವೆ.

ನಮ್ಮ ಊರಿನ ರೈತರು ಈ ವಿಷಯದಲ್ಲಿ ನಮಗಿಂತ ಹುಷಾರು. ಹೊಲ ಎಷ್ಟೇ ಹಸಿರಾಗಿದ್ದರೂ, 'ಬೆಳಿ ಹೆಂಗದ ಕಾಕಾ?' ಎಂದರೆ 'ರಾಶಿ ಆಗ್ಲಿ, ಹೇಳ್ತೀನಿ' ಎನ್ನುತ್ತಾರೆ. ತೊಗರಿ ಹೂ ಬಿಟ್ಟಾಗ ಮೋಡ ಮುಸುಕಿದರೆ ಏನಾಗುತ್ತದೆ, ಹತ್ತಿ ಬಿಡಿಸುವ ಹೊತ್ತಿಗೆ ಮಳೆ ಬಂದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವ ಚಟ ಅವರಿಗಿಲ್ಲ. ನಮಗಿದೆ.

ನಾವೂ 'ಪ್ರಾಮಿಸಿಂಗ್' ಆಗಿದ್ದೆವು

ನಮ್ಮ ಮಾತನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಪದಗಳು ನಮ್ಮ ಮೈಮೇಲೂ ಬಿದ್ದಿವೆ. ಕಾಲೇಜು ಮುಗಿಯುವ ವರ್ಷ ಸಾಫ್ಟ್ ಸ್ಕಿಲ್ಸ್ ತರಬೇತಿ ಎಂದು ಎರಡು ದಿನ ಕೂರಿಸಿದರು. ಬಯೊಡೇಟಾದಲ್ಲಿ ಏನು ಬರೆಯಬೇಕೆಂದು ಹಲಗೆಯ ಮೇಲೆ ಬರೆಸಿದರು: ಡೈನಾಮಿಕ್, ಪ್ಯಾಷನೇಟ್, ಸೆಲ್ಫ್ ಮೋಟಿವೇಟೆಡ್, ರಿಸಲ್ಟ್ ಓರಿಯೆಂಟೆಡ್. ಮೂವತ್ತು ಜನರ ಬಯೊಡೇಟಾದಲ್ಲೂ ಅವೇ ನಾಲ್ಕು ಪದ. ನಮ್ಮಲ್ಲೊಬ್ಬಳು ಎರಡು ವರ್ಷ ತನ್ನ ತಾಲ್ಲೂಕಿನ ಅಂಗನವಾಡಿಗಳ ಬಗ್ಗೆ ಗೋಡೆಪತ್ರಿಕೆ ಬರೆದಿದ್ದಳು. ಅದನ್ನು ಬಯೊಡೇಟಾದಿಂದ ತೆಗೆಸಿದರು, 'ಪ್ರೊಫೆಷನಲ್' ಅನ್ನಿಸುವುದಿಲ್ಲವಂತೆ. ಮಾಡಿದ ಕೆಲಸ ಹೋಯಿತು, ಮುಂದೆ ಮಾಡಬಹುದಾದದ್ದರ ವಿಶೇಷಣ ಉಳಿಯಿತು.

ಇಂಟರ್ನ್‌ಶಿಪ್ ಮುಗಿದಾಗ ಕೊಟ್ಟ ಪತ್ರಗಳಲ್ಲಿ 'ಪ್ರಾಮಿಸಿಂಗ್ ಯಂಗ್ ಜರ್ನಲಿಸ್ಟ್' ಎಂದಿತ್ತು. ಆಮೇಲೆ ಸಿಕ್ಕಿದ್ದು ಅರೆಕಾಲಿಕ ವರದಿಗಾರಿಕೆ. ಸುದ್ದಿಗೆ ಇಷ್ಟು ಎಂದು ಲೆಕ್ಕ, ಪೆಟ್ರೋಲ್ ನಮ್ಮದು, ಫೋನ್ ನಮ್ಮದು, ಹಬ್ಬ ಬಂದಾಗ ಜಾಹೀರಾತು ತರುವ ಜವಾಬ್ದಾರಿಯೂ ನಮ್ಮದು. ನಾಲ್ಕು ವರ್ಷ ಕಳೆದರೂ ಕಾರ್ಯಕ್ರಮಗಳಲ್ಲಿ ನಮ್ಮನ್ನು ಪರಿಚಯಿಸುವಾಗ 'ಉದಯೋನ್ಮುಖ ಪತ್ರಕರ್ತರು' ಎನ್ನುತ್ತಾರೆ. ಉದಯೋನ್ಮುಖರಿಗೆ ಪಿಎಫ್ ಇರುವುದಿಲ್ಲ. ಮುಂದೆ ಬರುವವರಿಗೆ ಈಗಲೇ ಸಂಬಳ ಯಾಕೆ?

ಜಿಲ್ಲೆಗೆ ಆದದ್ದೂ ನಮಗೆ ಆದದ್ದೂ ಒಂದೇ. ಭವಿಷ್ಯದ ಹೊಗಳಿಕೆ ಇವತ್ತಿನ ಕೂಲಿಗೆ ಬದಲಿಯಾಗಿ ಬರುತ್ತದೆ.

ಬರುವ ಆಕ್ಷೇಪಗಳಿಗೆ

ಒಂದು ಆಕ್ಷೇಪ ನ್ಯಾಯವಾದದ್ದು. 'ನಿಮ್ಮದು ಹಿಂದುಳಿದ ಜಿಲ್ಲೆ' ಎಂದು ಹೇಳಿಸಿಕೊಂಡೇ ಬೆಳೆಯುವ ಮಗುವಿನ ಮನಸ್ಸು ಏನಾಗಬೇಡ? ಬೆಂಗಳೂರಿನಲ್ಲಿ 'ಯಾವ ಕಡೆಯವರು?' ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಎದುರಿನವರ ಮುಖ ಬದಲಾಗುವುದನ್ನು ನಾವೂ ನೋಡಿದ್ದೇವೆ. ಪದಕ್ಕೆ ಘನತೆ ಇರಬೇಕು, ಒಪ್ಪುತ್ತೇವೆ. ಆದರೆ ಘನತೆ ಮತ್ತು ಬಾಕಿ ಒಂದಕ್ಕೊಂದು ಶತ್ರುಗಳಲ್ಲ. ಸಂವಿಧಾನದ 371(ಜೆ) ವಿಧಿಯನ್ನು ನೋಡಿ. 2012ರ 98ನೇ ತಿದ್ದುಪಡಿಯಿಂದ ಬಂದ ಅದು ಈ ಭಾಗವನ್ನು ಹೊಗಳಲೂ ಇಲ್ಲ, ಹಳಿಯಲೂ ಇಲ್ಲ. ಪ್ರತ್ಯೇಕ ಮಂಡಳಿ, ನ್ಯಾಯವಾದ ಹಣ ಹಂಚಿಕೆ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲು ಎಂದು ಕೆಲಸಗಳನ್ನು ಹೆಸರಿಸಿತು. ಅದರಿಂದ ಸೀಟು ಪಡೆದು ಓದಿದವರು ನಮ್ಮ ಬಳಗದಲ್ಲೇ ಇದ್ದಾರೆ. ಅವರ ಘನತೆಗೆ ಯಾವ ವಿಶೇಷಣವೂ ಬೇಕಾಗಲಿಲ್ಲ.

ಎರಡನೆಯ ಆಕ್ಷೇಪ: ಕಾರ್ಯಕ್ರಮದಿಂದ ಒಳ್ಳೆಯದೂ ಆಗಿದೆಯಲ್ಲ? ಆಗಿರಬಹುದು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2021ರಲ್ಲಿ ಇದನ್ನು ಮೆಚ್ಚಿ ವರದಿ ಕೊಟ್ಟಿದೆ. ತಿಂಗಳಿಗೊಮ್ಮೆ ಅಂಕಿಅಂಶ ಹೊರಗೆ ಬರುವುದೇ ಒಂದು ಲಾಭ, ನಾವೂ ಅದನ್ನು ಬಳಸುತ್ತೇವೆ. ಒಂದು ಮಾತು ಮಾತ್ರ ಗಮನದಲ್ಲಿರಲಿ. ಡೆಲ್ಟಾ ಪಟ್ಟಿ ಹೇಳುವುದು ವೇಗವನ್ನು, ತಲುಪಿದ ಜಾಗವನ್ನಲ್ಲ. ತೀರಾ ಕೆಳಗಿದ್ದವನು ನಾಲ್ಕು ಮೆಟ್ಟಿಲು ಹತ್ತಿದರೆ ಮೊದಲ ಸ್ಥಾನ ಬರಬಹುದು, ಆಗಲೂ ಅವನು ಕೆಳಗೇ ಇರಬಹುದು. 'ನಮ್ಮ ಜಿಲ್ಲೆ ದೇಶಕ್ಕೇ ಮೊದಲು' ಎಂದು ಹೆಡ್ಡಿಂಗ್ ಕೊಡುವ ಮೊದಲು, ಯಾವುದರಲ್ಲಿ, ಎಷ್ಟರಿಂದ ಎಷ್ಟಕ್ಕೆ ಎಂದು ಬರೆಯುವುದು ನಮ್ಮ ಜವಾಬ್ದಾರಿ.

ಬೀಜದ ಚೀಟಿಯಷ್ಟಾದರೂ

ಹಾಗಾದರೆ ನಾಳೆಯ ಬಗ್ಗೆ ಬರೆಯಲೇಬಾರದೇ? ಬರೆಯಬೇಕು. ಹೇಗೆ ಬರೆಯಬೇಕೆಂದು ಬೀಜದ ಅಂಗಡಿಯಲ್ಲಿ ಕಲಿಯಬಹುದು.

ಬೀಜಕ್ಕಿಂತ ದೊಡ್ಡ ಭವಿಷ್ಯದ ವಸ್ತು ಬೇರೆ ಯಾವುದಿದೆ? ಬೆಳೆಯುವ ಸಿರಿ ಮೊಳಕೆಯಲ್ಲೇ ಎಂದು ನಮ್ಮವರು ಗಾದೆ ಕಟ್ಟಿದ್ದಾರೆ. ಆದರೂ ಬೀಜ ಮಾರುವವನಿಗೆ 'ಭರವಸೆಯ ಬೀಜ' ಎಂದಷ್ಟೇ ಬರೆದು ಮಾರಲು ಬಿಡುವುದಿಲ್ಲ. 1966ರ ಬೀಜ ಕಾಯ್ದೆ ಚೀಟಿ ಕೇಳುತ್ತದೆ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ತಳಿ ಯಾವುದು, ಲಾಟ್ ನಂಬರ್ ಎಷ್ಟು, ಪರೀಕ್ಷೆ ಮಾಡಿದ ದಿನ ಯಾವುದು, ನೂರಕ್ಕೆ ಎಷ್ಟು ಮೊಳೆಯುತ್ತವೆ, ಎಷ್ಟು ಶುದ್ಧ, ಎಲ್ಲಿಯವರೆಗೆ ಬಿತ್ತಬಹುದು. ಮೊಳೆಯದಿದ್ದರೆ ಆ ಚೀಟಿ ಹಿಡಿದು ಕೃಷಿ ಇಲಾಖೆಗೆ, ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು. ಅದಕ್ಕೇ ತಿಳಿದ ರೈತರು ರಾಶಿ ಆಗುವವರೆಗೂ ಚೀಟಿ, ರಸೀದಿ ಎರಡನ್ನೂ ಜೋಪಾನ ಮಾಡುತ್ತಾರೆ. ನಾಳೆಯ ಬಗ್ಗೆ ಆಡಿದ ಮಾತಿಗೆ ಇವತ್ತೇ ಲಿಖಿತ ಗುರುತು ಇರಬೇಕೆಂಬುದು ಆ ಚೀಟಿಯ ಒಳಗಿನ ತತ್ವ.

ಕೆಜಿ ಬೀಜಕ್ಕೆ ಇರುವ ಈ ಶಿಸ್ತು ಒಂದು ಜಿಲ್ಲೆಗೆ ಇಲ್ಲ, ಒಬ್ಬ ವಿದ್ಯಾರ್ಥಿಗೆ ಇಲ್ಲ. ಆದ್ದರಿಂದ ಈ ಬಳಗದ ಪುಟದಲ್ಲಿ ಇನ್ನು ಮುಂದೆ ಹೀಗೆ ಬರೆಯುತ್ತೇವೆ ಎಂದು ಮಾತು ಕೊಡುತ್ತಿದ್ದೇವೆ.

'ಆಕಾಂಕ್ಷಿ ಜಿಲ್ಲೆ' ಎಂದು ಯೋಜನೆಯ ಹೆಸರಾಗಿ ಮಾತ್ರ, ಉದ್ಧರಣ ಚಿಹ್ನೆಯೊಳಗೆ ಬರೆಯುತ್ತೇವೆ. ಜಿಲ್ಲೆಯ ಗುಣವಾಗಿ ಬರೆಯುವುದಿಲ್ಲ. 'ಅಭಿವೃದ್ಧಿಯತ್ತ ದಾಪುಗಾಲು' ಎಂದು ಯಾರಾದರೂ ಹೇಳಿದರೆ ಯಾರು ಹೇಳಿದರೆಂದು ಬರೆದು, ಪಕ್ಕದಲ್ಲಿ ಎರಡು ವರ್ಷದ ಎರಡು ಅಂಕಿ ಇಡುತ್ತೇವೆ. ಕಟ್ಟುವ, ಕಟ್ಟುತ್ತಿರುವ, ಕಟ್ಟಿದ, ಕಟ್ಟದ ಎಂಬ ನಾಲ್ಕರಲ್ಲಿ ಯಾವುದೆಂದು ಸ್ಥಳಕ್ಕೆ ಹೋಗಿ ನೋಡಿ ಬರೆಯುತ್ತೇವೆ. ಯಶಸ್ವಿ ರೈತನ ಕತೆ ಬರೆದರೆ ಮುಂದಿನ ವರ್ಷ ಅದೇ ತಿಂಗಳು ಅದೇ ಹೊಲಕ್ಕೆ ಹೋಗುತ್ತೇವೆ, ನಗು ಇದ್ದರೂ ಇಲ್ಲದಿದ್ದರೂ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ 'ಬಡತನದಲ್ಲಿ ಅರಳಿದ ಪ್ರತಿಭೆ' ಎಂದು ಬರೆಯುವ ಬದಲು, ಆ ಹುಡುಗಿಗೆ ಪಿಯುಸಿ ಸೈನ್ಸ್ ಓದಲು ಹತ್ತಿರದ ಕಾಲೇಜು ಎಷ್ಟು ದೂರ, ಬಸ್ ಎಷ್ಟು ಗಂಟೆಗೆ, ಹಾಸ್ಟೆಲ್ ಸೀಟು ಸಿಕ್ಕಿತೇ ಎಂದು ಬರೆಯುತ್ತೇವೆ. ಅವಳ ಭವಿಷ್ಯ ಉಜ್ವಲವೋ ಅಲ್ಲವೋ ಎಂಬುದು ಆ ಮೂರು ಉತ್ತರಗಳಲ್ಲಿ ಅರ್ಧ ತೀರ್ಮಾನವಾಗಿರುತ್ತದೆ.

ಈ ಮಾತಿಗೆ ನಾವು ತಪ್ಪಿದರೆ ನೀವು ಕೇಳಬೇಕು. ನಮ್ಮದೇ ಹಳೆಯ ಬರಹಗಳಲ್ಲಿ 'ಉದಯೋನ್ಮುಖ', 'ಭರವಸೆಯ', 'ಯಶಸ್ವಿ' ಎಂದು ಹುಡುಕಿದರೆ ಸಾಲುಸಾಲು ಸಿಗುತ್ತವೆ. ಅವನ್ನು ಅಳಿಸುವುದಿಲ್ಲ, ಒಂದೊಂದಾಗಿ ಹಿಂದಿರುಗಿ ಹೋಗಿ ಆಮೇಲೆ ಏನಾಯಿತೆಂದು ಅದರ ಕೆಳಗೇ ಬರೆಯುತ್ತೇವೆ.

ಚಹಾದಂಗಡಿಯ ಹಿರಿಯರಿಗೆ ಆ ದಿನ ನಮ್ಮ ಬಳಿ ಉತ್ತರವಿರಲಿಲ್ಲ. ಮುಂದಿನ ಸಲ ಹೋದಾಗ ಹೇಳುತ್ತೇವೆ: ಟಿಕೆಟ್ ಕೇಳುವ ಕೆಲಸ ನಮ್ಮ ಜಿಲ್ಲೆಯದಲ್ಲ ಅಜ್ಜಾರ, ಲೆಕ್ಕ ಕೇಳುವುದು.